ನಾಚಾರಂನ ಹದ್ದುಗಳೂ ಹಿತ್ತಲಿನ ಕೋಳಿಮರಿಗಳೂ

ಹೈದರಾಬಾದಿಗೆ ಬಂದವರು ಚಾರ್‌ಮಿನಾರ್, ಗೋಲ್ಕೊಂಡದ ಕೋಟೆ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಇವನ್ನು ನೋಡಿಕೊಂಡು ಹಿಂದಿರುಗುವುದು ವಾಡಿಕೆ. ನಾಚಾರಂ ನೋಡಬೇಕೆಂದು ಬರುವವರು ವಿರಳ. ತಾರ್ನಾಕ ದಾಟಿ, ಹಬ್ಸಿಗುಡದ ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗಿ ಮಲ್ಲಾಪುರದ ದಾರಿ ಹಿಡಿದರೆ ಈ ಊರು ಸಿಕ್ಕುತ್ತದೆ. ಇಲ್ಲಿ ಕಾರ್ಖಾನೆಗಳ ಕೈಗಾರಿಕಾ ಪ್ರದೇಶವುಂಟು, ಇ.ಎಸ್.ಐ. ಆಸ್ಪತ್ರೆಯುಂಟು, ಕೆರೆಯುಂಟು. ಚಿತ್ರನಟ ಎನ್.ಟಿ. ರಾಮರಾವ್ ಅವರು ತಮ್ಮ ರಾಮಕೃಷ್ಣ ಸ್ಟುಡಿಯೋ ಕಟ್ಟಿಸಿದ್ದೂ ಇಲ್ಲಿಯೇ. ಇವೆಲ್ಲದರ ನಡುವೆ ಹಳೆಯ ಹಳ್ಳಿಯ ಓಣಿಗಳು ಇನ್ನೂ ಪೂರ್ತಿ ಅಳಿಸಿಹೋಗಿಲ್ಲ. ಬೆಳಗಿನ ಜಾವ ಕಾರ್ಖಾನೆಯ ಸದ್ದಿಗಿಂತ ಮೊದಲು ಹುಂಜದ ಕೂಗು ಕೇಳಿಬರುವ ಮನೆಗಳಿವೆ.

ಕೋಳಿ ಇದ್ದಲ್ಲಿ ಹದ್ದೂ ಇರಬೇಕಷ್ಟೆ. ನಾವು ಹದ್ದು ಎನ್ನುವುದನ್ನು ಇಲ್ಲಿನ ತೆಲುಗರು ‘ಗದ್ದ’ ಎನ್ನುತ್ತಾರೆ, ಉರ್ದು ಮಾತಾಡುವವರು ‘ಚೀಲ್’ ಎನ್ನುತ್ತಾರೆ. ಹೆಸರು ಮೂರಾದರೂ ಹಸಿವು ಒಂದೇ. ಕವಲೊಡೆದ ಬಾಲ, ಕಂದು ಮೈ, ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರು ಅಗಲ. ಕಸದ ಗುಂಡಿ, ಮಾಂಸದಂಗಡಿಯ ತ್ಯಾಜ್ಯ ಇದರ ಮುಖ್ಯ ಆಹಾರ. ಆದರೆ ಗೂಡಿನಲ್ಲಿ ತನ್ನ ಮರಿ ಬಾಯ್ದೆರೆದು ಕುಳಿತಿರುವ ಕಾಲದಲ್ಲಿ, ಅಂಗಳದ ಕೋಳಿಮರಿ ಕಣ್ಣಿಗೆ ಬಿದ್ದರೆ ಬಿಡುವುದಿಲ್ಲ.

ಇಂಥ ಓಣಿಯೊಂದರಲ್ಲಿ ಬೀದರ ಕಡೆಯ ತಾಯೊಬ್ಬರಿದ್ದಾರೆ. ಅವರ ಹೇಂಟೆ 21 ದಿನ ಕಾವು ಕೂತು 11 ಮರಿಗಳನ್ನು ಮಾಡಿತ್ತು. ಒಂದು ವಾರದೊಳಗೆ ಐದು ಹೋದವು. ಮೊಟ್ಟೆ ಮಾರಿದ ಹಣದಿಂದ ಮಗಳ ಶಾಲೆಯ ಪುಸ್ತಕ ಕೊಳ್ಳುವ ಮನೆಗೆ ಇದು ಸಣ್ಣ ನಷ್ಟವಲ್ಲ. ನೆರೆಯ ಹುಡುಗರು ಕವಣೆ ತಂದು ನಿಂತರಂತೆ. ಆಕೆ, “ಬ್ಯಾಡ್ರಪ್ಪಾ, ಅದಕ್ಕೂ ಹೊಟ್ಟಿ ಅದ. ನಮ್ಮ ಮರೀನ ನಾವು ಮುಚ್ಚಿಟ್ಕೋಬೇಕು” ಎಂದರಂತೆ. ಕಾಯ್ದೆಯೂ ಇದನ್ನೇ ಹೇಳುತ್ತದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದ್ದು, ಗಿಡುಗಗಳನ್ನು ಕೊಲ್ಲುವುದು ಅಪರಾಧ.

ಆ ತಾಯಿ ಕೈಗೊಂಡ ಉಪಾಯಗಳು ನಮ್ಮ ಓದುಗರಿಗೂ ಉಪಯೋಗವಾದಾವು. ಮರಿಗಳಿಗೆ ಆರೆಂಟು ವಾರ ತುಂಬುವವರೆಗೆ ಅಪಾಯ ಹೆಚ್ಚು. ಆದುದರಿಂದ ಮೊದಲ ವಾರಗಳಲ್ಲಿ ತಾಯಿಕೋಳಿಯೊಡನೆ ದೊಡ್ಡ ಬಿದಿರು ಬುಟ್ಟಿಯ ಕೆಳಗೆ ಇಡುವುದು. ಆಮೇಲೆ ನಾಲ್ಕು ಗೂಟ ನೆಟ್ಟು ಬಲೆ ಹೊದಿಸಿದ ಅಂಗಳ. ಬಲೆಯ ಕಣ್ಣು ದೊಡ್ಡದಾದರೆ ಹದ್ದು ನಿಂತೀತು, ಆದರೆ ಪಾರಿವಾಳದಷ್ಟೇ ಗಾತ್ರದ ಗಿಡುಗ ನುಸುಳೀತು. ಒಂದು ಅಂಗುಲದ ಕಣ್ಣು ಒಳ್ಳೆಯದು. ಬಲೆ ಜೋತುಬೀಳದಂತೆ ಬಿಗಿಯಾಗಿ ಕಟ್ಟಬೇಕು, ಇಲ್ಲವಾದರೆ ಹಕ್ಕಿಗಳು ಸಿಕ್ಕಿಕೊಂಡು ಸಾಯುತ್ತವೆ. ಸಂಕ್ರಾಂತಿಯ ಗಾಳಿಪಟದಿಂದ ಉಳಿದ ಮಾಂಜಾ ದಾರವನ್ನಂತೂ ಕಟ್ಟಲೇಬಾರದು. ಅದು ರೆಕ್ಕೆಯನ್ನೇ ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ.

ಬಲೆ ಕೊಳ್ಳಲು ಕೈಲಾಗದವರಿಗೆ ಹೀರೆ, ಸೋರೆ, ಅವರೆಯ ಚಪ್ಪರವುಂಟು. ಮೇಲೆ ಕಾಯಿ, ಕೆಳಗೆ ಕೋಳಿ! ಆಕಾಶದಲ್ಲಿ ನೆರಳು ಸರಿದೊಡನೆ ಹೇಂಟೆ ಒಂದು ಬಗೆಯಾಗಿ ಕೂಗುತ್ತದೆ. ನಾಯಿ ಬೆಕ್ಕು ಕಂಡಾಗಿನ ಕೂಗೇ ಬೇರೆ. ಆ ಕೂಗಿಗೆ ಮರಿಗಳು ಓಡಿ ಅಡಗಲು ಹತ್ತಿರದಲ್ಲಿ ಪೊದೆಯೋ ಚಪ್ಪರವೋ ಬೇಕು. ಬೋಳು ಅಂಗಳದಲ್ಲಿ ಎಚ್ಚರಿಕೆ ಸಿಕ್ಕಿಯೂ ಪ್ರಯೋಜನವಿಲ್ಲ. ಹೊಳೆಯುವ ತಗಡು, ಬೆದರುಬೊಂಬೆಗಳಿಗೆ ಹದ್ದು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಅವುಗಳ ಜಾಗ ಬದಲಿಸುತ್ತಿರಬೇಕು. ಕೋಳಿ ಹಸನು ಮಾಡಿದ ತ್ಯಾಜ್ಯವನ್ನು ಹಿತ್ತಲಲ್ಲೇ ಎಸೆಯುವುದೆಂದರೆ ಹದ್ದಿಗೆ ಓಲೆ ಬರೆದು ಊಟಕ್ಕೆ ಕರೆದಂತೆ.

ತಳಿಯನ್ನೂ ವಿಚಾರಿಸಬೇಕು. ಇದೇ ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ನಿರ್ದೇಶನಾಲಯವು ಹಿತ್ತಲ ಸಾಕಣೆಗಾಗಿ ‘ವನರಾಜ’ ತಳಿಯನ್ನು ರೂಪಿಸಿದೆ. ಬಣ್ಣದ ಗರಿ, ಉದ್ದನೆಯ ಕಾಲು, ಹೆಚ್ಚು ಭಾರವಲ್ಲದ ಮೈ. ಶತ್ರುವಿನಿಂದ ತಪ್ಪಿಸಿಕೊಳ್ಳಲು ಇವೇ ಅದಕ್ಕೆ ಅನುಕೂಲ. ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಕೊಟ್ಟ ‘ಗಿರಿರಾಜ’ವೂ ಬಣ್ಣದ ಕೋಳಿಯೇ, ಆದರೆ ಮೈ ಭಾರ. ಅದನ್ನು ಸಾಕುವವರು ಕಾವಲು ಹೆಚ್ಚಿಸುವುದು ಲೇಸು.

ಆ ಮನೆಯಲ್ಲಿ ಉಳಿದ ಆರು ಮರಿಗಳೂ ಈಗ ಬೆಳೆದು ಚಪ್ಪರದಡಿ ಕೆದಕಿಕೊಂಡಿವೆ. ಹದ್ದುಗಳು ಕಾರ್ಖಾನೆಯ ಚಿಮಣಿಗಳ ಮೇಲೆ ಎಂದಿನಂತೆ ಸುತ್ತುತ್ತಿವೆ. ನಗರದ ಕೊಳಕನ್ನು ಸಂಬಳವಿಲ್ಲದೆ ತೆಗೆಯುವ ಹಕ್ಕಿ ಅದು. ಅದರ ಆಕಾಶ ಅದಕ್ಕಿರಲಿ; ನಮ್ಮ ಅಂಗಳಕ್ಕೆ ಒಂದು ಚಪ್ಪರವಿದ್ದರೆ ಸಾಕು.