ಮೂಗಿಗೆ ಭಾರ ಕಟ್ಟಿದ ರಾಕೆಟ್

2023ರ ಮಳೆಗಾಲದಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಒಂದು ವಿಡಿಯೋ ನೋಡಿ ಬಂದಿದ್ದರು. ಅಮೆರಿಕದ ಹವ್ಯಾಸಿಗಳು ಫೈಬರ್ ಗ್ಲಾಸ್ ಕೊಳವೆಯ ರಾಕೆಟ್ ಜೋಡಿಸಿ ಹಾರಿಸುವುದು. "ಮಾಷ್ಟ್ರೇ, ನಾವೂ ಮಾಡುವನಾ?" ಅಂತ ಒಂದೇ ರಾಗ.

ಆ ರಾಕೆಟ್‌ಗಳಿಗೆ ಮದ್ದಿನ ಮೋಟಾರು ಬೇಕು. ಮೋಟಾರಿನ ಶಕ್ತಿಗೆ ಅಕ್ಷರದ ಲೆಕ್ಕ. ಒಂದೊಂದು ಅಕ್ಷರ ಮುಂದೆ ಹೋದಂತೆ ಮಿತಿ ಇಮ್ಮಡಿ. ಇ, ಎಫ್, ಜಿ ಅಂದರೆ ಮಧ್ಯಮ ವರ್ಗ. ಅದು ಶಾಲೆಯ ಕಪಾಟಿನಲ್ಲಿ ಇಡುವ ವಸ್ತುವಲ್ಲ ಮಾರಾಯ್ರೆ! ಹಾಗಾಗಿ ನಾವು ನೀರಿನ ರಾಕೆಟ್‌ಗೆ ಇಳಿದೆವು. ಒಂದೂಕಾಲು ಲೀಟರಿನ ಸೋಡಾ ಬಾಟಲಿ, ಮೂರರಲ್ಲೊಂದು ಪಾಲು ನೀರು, ಸೈಕಲ್ ಪಂಪು. ಒಳಗಿನ ಗಾಳಿ ನೀರನ್ನು ಕೆಳಗೆ ನೂಕುತ್ತದೆ, ನೀರು ಬಾಟಲಿಯನ್ನು ಮೇಲಕ್ಕೆ ನೂಕುತ್ತದೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ.

ಮೊದಲ ರಾಕೆಟ್‌ಗೆ ರಟ್ಟಿನ ರೆಕ್ಕೆ. ಎರಡು ಸಲ ಹಾರುವಷ್ಟರಲ್ಲಿ ನೀರು ಕುಡಿದು ದೋಸೆಯಂತೆ ಮಡಚಿಕೊಂಡಿತು. ಆಗ ಹಿಂದಿನ ಬೆಂಚಿನಿಂದ ಒಂದು ಸ್ವರ: "ಮಾಷ್ಟ್ರೇ, ಫೈಬರಲ್ಲಿ ಮಾಡಿದರೆ ಆಗ್ತದೆ."

ಆ ಹುಡುಗ ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾವು ಅಷ್ಟರವರೆಗೆ ಕೇಳಿದ್ದೇ ಕಡಿಮೆ. ವಾರಕ್ಕೆ ಎರಡು ದಿನ ಗೈರುಹಾಜರಿ. ಅವನ ಅಪ್ಪ ಕಡಪ್ಪುರದಲ್ಲಿ ಫೈಬರ್ ದೋಣಿ ರಿಪೇರಿ ಮಾಡುವವರು. ಇವನು ಜೊತೆಗೆ ಹೋಗುತ್ತಿದ್ದ. "ಪಾಠ ಬಿಟ್ಟು ದೋಣಿಗೆ ತೇಪೆ ಹಚ್ಚಿದರೆ ಪರೀಕ್ಷೆಯಲ್ಲಿ ಅಂಕ ಬರ್ತದಾ?" ಅಂತ ನಾವೇ ಒಮ್ಮೆ ಎಲ್ಲರೆದುರು ಗದರಿಸಿದ್ದೂ ಉಂಟು.

ಶನಿವಾರ ಅವನ ಅಪ್ಪ ಒಂದಿಷ್ಟು ಗ್ಲಾಸ್ ಮ್ಯಾಟು, ರೆಸಿನ್, ಹಾರ್ಡ್‌ನರ್ ಕೊಟ್ಟು ಕಳುಹಿಸಿದರು. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ಅಪಾಯ. ಮಕ್ಕಳನ್ನು ದೂರ ನಿಲ್ಲಿಸಿ, ಕೈಚೀಲ, ಕನ್ನಡಕ ಹಾಕಿ ಜಗಲಿಯಲ್ಲಿ ನಾವೇ ಬೆರೆಸಿದೆವು. "ಜಾಸ್ತಿ ಆಯ್ತು ಮಾಷ್ಟ್ರೇ" ಅಂದ ಹುಡುಗ. ನಾವು ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ರೆಸಿನ್ ಬಿಸಿಯಾಗಿ, ಪ್ಲಾಸ್ಟಿಕ್ ಲೋಟ ಮೆತ್ತಗಾಗಿ, ಒಳಗಿದ್ದದ್ದು ಕಲ್ಲಾಯಿತು! ನೂರು ಪಾಲು ರೆಸಿನ್ನಿಗೆ ಒಂದೆರಡು ಪಾಲು ಹಾರ್ಡ್‌ನರ್ ಸಾಕು ಎಂಬುದು ವಿಜ್ಞಾನ ಕಲಿಸುವ ನಮಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಎರಡನೇ ಲೋಟಕ್ಕೆ ಅವನು ಹೇಳಿದಷ್ಟೇ ಹನಿ ಬಿಟ್ಟೆವು.

ತೆಳ್ಳಗಿನ ಹಲಗೆ ಸಿದ್ಧವಾಯಿತು. ಅದರಿಂದ ಮೂರು ರೆಕ್ಕೆ ಕತ್ತರಿಸಿ, ಇನ್ನೊಂದು ಬಾಟಲಿಯ ನಡುಭಾಗದಲ್ಲಿ ಸೀಳು ಮಾಡಿ ತೂರಿಸಿ, ಆ ಬಳೆಯನ್ನು ರಾಕೆಟ್‌ಗೆ ತೊಡಿಸಿದೆವು. ಗಾಳಿ ತುಂಬುವ ಬಾಟಲಿಗೆ ಮಾತ್ರ ಒಂದು ಗೀರೂ ಬೀಳಬಾರದು.

ಹಾರಿಸಿದರೆ? ತೆಂಗಿನಮರದ ಎತ್ತರಕ್ಕೂ ಹೋಗದೆ ಪಲ್ಟಿ ಹೊಡೆದು ಬಿತ್ತು. ರೆಕ್ಕೆ ಗಟ್ಟಿಯಾಗಿತ್ತು, ಆದರೆ ಬಾಲ ಭಾರವಾಗಿತ್ತು. ರಾಕೆಟ್ಟಿನ ಗುರುತ್ವಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದೆ, ಅಂದರೆ ಮೂಗಿನ ಕಡೆ, ಇರಬೇಕು. ಪರೀಕ್ಷೆ ಸುಲಭ: ಖಾಲಿ ರಾಕೆಟ್ ಸಮತೂಕ ನಿಲ್ಲುವ ಜಾಗಕ್ಕೆ ಹಗ್ಗ ಕಟ್ಟಿ ತಲೆಯ ಸುತ್ತ ತಿರುಗಿಸಿ. ಮೂಗು ಮುಂದಾಗಿ ಸುತ್ತಿದರೆ ಸರಿ. ನಮ್ಮದು ಬಾಲ ಮುಂದಾಗಿ ಸುತ್ತಿತು. ಮೂಗಿಗೆ ಜೇಡಿಮಣ್ಣು ಮೆತ್ತಿ, ತಿರುಗಿಸಿ, ಮತ್ತೆ ಮೆತ್ತಿ... ಕೊನೆಗೆ ನೇರವಾಯಿತು.

ನವೆಂಬರ್ 21ರಂದೇ ಹಾರಿಸಿದೆವು. 1963ರಲ್ಲಿ ಅದೇ ದಿನ ನಮ್ಮದೇ ಕೇರಳದ ತುಂಬಾದಿಂದ ನೈಕ್-ಅಪಾಚೆ ರಾಕೆಟ್ ಹಾರಿತ್ತು. ಅಂದಿಗೆ 60 ವರ್ಷ. ಅದೂ ಮೀನುಗಾರರ ಊರು. ಇಗರ್ಜಿಯೇ ಅಲ್ಲಿ ಕಚೇರಿಯಾಗಿತ್ತು. ಮುಂದೆ ಅಲ್ಲಿ ಫೈಬರ್ ಕೆಲಸಕ್ಕೆ ಕೈ ಹಾಕಿದವರಲ್ಲಿ ಅಬ್ದುಲ್ ಕಲಾಂ ಒಬ್ಬರು. ಇದನ್ನು ಹೇಳುವಾಗ ಹುಡುಗ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

50 ಪೌಂಡ್ ಗಾಳಿ. ಎಲ್ಲರೂ ದೂರ. ಹಗ್ಗ ಎಳೆದದ್ದು ಅವನೇ. ನೇರ ಹೋಯಿತು! 30 ಮೀಟರ್ ದೂರದಲ್ಲಿ ಕೋನಮಾಪಕ ಹಿಡಿದ ಹುಡುಗಿಗೆ ಸಿಕ್ಕಿದ್ದು 40 ಡಿಗ್ರಿ. ಅಳತೆಗೆ ತಕ್ಕ ತ್ರಿಕೋನ ಬರೆದು, ಅವಳ ಕಣ್ಣಿನ ಎತ್ತರ ಸೇರಿಸಿದಾಗ ಸುಮಾರು 26.5 ಮೀಟರ್.

ಆಮೇಲೆ ಒಂದು ಮೇಳಕ್ಕೆ ಒಯ್ದೆವು. ನೋಡಲು ಬಂದ ತೀರ್ಪುಗಾರರಿಗೆ ಕನ್ನಡ ಬಾರದು. ಹುಡುಗನಿಗೆ ಮನೆಯಲ್ಲಿ ಮಲಯಾಳವೇ. ಆದರೆ ವಿಜ್ಞಾನ ಕಲಿತದ್ದು ಕನ್ನಡದಲ್ಲಿ. 'ಒತ್ತಡ'ಕ್ಕೆ ಬಂದು ನಿಂತುಬಿಟ್ಟ. ಅಲ್ಲಿ ಅದು 'ಮರ್ದ್ದಂ'. ನಾವು ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಅವನು ಹಗ್ಗ ಕಟ್ಟಿದ ರಾಕೆಟ್ ಎತ್ತಿ ತಲೆಯ ಸುತ್ತ ತಿರುಗಿಸತೊಡಗಿದ. ಮೂಗಿನ ಮಣ್ಣು ತೆಗೆದು ಇನ್ನೊಮ್ಮೆ ತಿರುಗಿಸಿದ. "ಗುರುತ್ವಕೇಂದ್ರಂ" ಅಂದ. ಆ ಪದ ಎರಡೂ ಭಾಷೆಯಲ್ಲಿ ಒಂದೇ ಅಲ್ಲವೇ! ಅಲ್ಲಿಂದ ಮುಂದೆ ಮಾತು ತಾನಾಗಿ ಬಂತು.

ಬಹುಮಾನ ಬರಲಿಲ್ಲ. ಮರುದಿನ ತರಗತಿಯಲ್ಲಿ ನಾವು ಅವನಲ್ಲಿ, ಅಂದು ಗದರಿಸಿದ್ದು ತಪ್ಪಾಯಿತು ಅಂದೆವು, ಎಲ್ಲರೆದುರೇ. ಅವನು ನಾಚಿಕೊಂಡು ಕೇಳಿದ್ದು ಇಷ್ಟು: "ಮಾಷ್ಟ್ರೇ, ಬರುವ ವರ್ಷ ಎರಡು ಲೀಟರಿನ ಬಾಟಲಿ ತರುವನಾ?"

ಶನಿವಾರ ಈಗಲೂ ದೋಣಿಯ ಕೆಲಸಕ್ಕೆ ಹೋಗುತ್ತಾನೆ. ಬಾಕಿ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನೆದುರು ಗೈರು ಗುರುತು ಹಾಕುವ ಕೆಲಸ ನಮಗೆ ತಪ್ಪಿದೆ.