ಕಂಬದ ನಂಬರೂ ಗೋಲಿಯಾಟವೂ

ನಮ್ಮ ಹೈದರಾಬಾದಿನಲ್ಲಿ ಅತ್ತಾಪುರದ ಕಡೆಯವರು ವಿಳಾಸ ಹೇಳುವ ರೀತಿಯೇ ಬೇರೆ. ಮೆಹದಿಪಟ್ಟಣದಿಂದ ಆರಾಂಘರಿನತ್ತ 2009ರಲ್ಲಿ ತೆರೆದ ಮೇಲುರಸ್ತೆ ಹನ್ನೊಂದು ಕಿಲೋಮೀಟರಿಗೂ ಮಿಕ್ಕಿದ್ದು. ಅದನ್ನು ಹೊತ್ತ ಕಂಬಗಳಿಗೆಲ್ಲ ನಂಬರುಂಟು. ಕಂಬದ ನಂಬರು ಹೇಳಿದರೆ ಸಾಕು, ಆಟೋದವನು ಅಲ್ಲಿಗೆ ತಂದು ಇಳಿಸುತ್ತಾನೆ. ಆದರೆ ಯಾರ ಮನೆಯೂ ಕಂಬದ ಬುಡದಲ್ಲಿಲ್ಲವಷ್ಟೆ! ಎಡಕ್ಕೋ ಬಲಕ್ಕೋ, ಎಷ್ಟು ದೂರವೋ, ಇನ್ನೊಂದು ಅಂಕಿ ಬೇಕೇ ಬೇಕು.

ಒಂಬತ್ತನೆಯ ತರಗತಿಯಲ್ಲಿರುವ ನಮ್ಮ ಅಣ್ಣನ ಮಗಳಿಗೆ ನಿರ್ದೇಶಾಂಕ ರೇಖಾಗಣಿತವನ್ನು ನಾವು ಹೀಗೆಯೇ ಹೇಳಿಕೊಟ್ಟೆವು. ಕಂಬಗಳ ಸಾಲು ಒಂದು ಅಕ್ಷ, ಅಡ್ಡಗಲ್ಲಿ ಇನ್ನೊಂದು, ಎಡಗಡೆಗೆ ಋಣಚಿಹ್ನೆ. "ಬಿಂದು ತಿಳಿಯಿತು ಚಿಕ್ಕಪ್ಪ, ಸಮೀಕರಣ ಗೆರೆಯಾಗುವುದು ಹೇಗೆ?" ಎಂದಳು. 1637ರಲ್ಲಿ ಫ್ರಾನ್ಸಿನ ಡೆಕಾರ್ಟ್ ಮಹಾಶಯ ಗ್ರಂಥವನ್ನೇ ಬರೆದ ವಿಷಯ! ಬಿ.ಎ.ಯಲ್ಲಿ ಇತಿಹಾಸ ಓದಿದ ನಾವು ಇಸವಿ ಹೇಳಿ ಸುಮ್ಮನಾದೆವು.

ಅವಳ ಉಪಾಧ್ಯಾಯಿನಿ ಡೆಸ್ಮೋಸ್ ಎಂಬ ಗಣಿತ ತಾಣದ ಗೋಲಿಯಾಟವನ್ನು ತೋರಿಸಿದ್ದರಂತೆ. ಪರದೆಯ ಮೇಲೆ ಅಲ್ಲಲ್ಲಿ ನಕ್ಷತ್ರಗಳು. ಮೇಲಿನಿಂದ ಗೋಲಿಗಳು ಬೀಳುತ್ತವೆ. ಸಮೀಕರಣ ತಿದ್ದಿ ಗೆರೆ ಎಳೆದರೆ ಗೋಲಿ ಅದರ ಮೇಲೆ ಜಾರಿ ನಕ್ಷತ್ರ ಮುಟ್ಟಬೇಕು. 'ವೈ = 2ಎಕ್ಸ್ + 1' ಎಂದಿತ್ತು. ಹುಡುಗಿ 2ರ ಹಿಂದೆ ಒಂದು ಋಣಚಿಹ್ನೆ ಇಟ್ಟಳು. ಎಡಕ್ಕೆ ಉರುಳುತ್ತಿದ್ದ ಗೋಲಿ ಬಲಕ್ಕೆ ಉರುಳಿತು! ಕೊನೆಯ 1ನ್ನು 4 ಮಾಡಿದಳು. ಗೆರೆ ಓರೆ ಕೆಡದೆ ಮೂರು ಮನೆ ಮೇಲೇರಿತು. ಕರಿಹಲಗೆಯ ಮೇಲೆ ಇಷ್ಟು ಚೆನ್ನಾಗಿ ತೋರಿಸುವುದು ಯಾರಿಗೆ ಸಾಧ್ಯ?

ಆದರೂ ನಮಗೊಂದು ಅನುಮಾನ. ಮರುದಿನ ಪರದೆ ಮುಚ್ಚಿಸಿ, ಈ ಗೆರೆ ವೈ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೆಂದು ಕೇಳಿದೆವು. ನಕ್ಷತ್ರಗಳನ್ನೆಲ್ಲ ಗೆದ್ದಿದ್ದವಳು ಪಿಳಿಪಿಳಿ ನೋಡಿದಳು. ಒಂದಾದ ಮೇಲೊಂದು ಅಂಕಿ ಒತ್ತಿ ಗೆದ್ದದ್ದು ಬೆರಳೇ ಹೊರತು ತಲೆಯಲ್ಲ. ಪರೀಕ್ಷೆಯಲ್ಲಿ ಗೋಲಿ ಬೀಳುವುದಿಲ್ಲವಲ್ಲ!

ನಮ್ಮ ಕಛೇರಿಯಲ್ಲಿ ಟಿಪ್ಪಣಿ ಬರೆಯದೆ ಫೈಲು ಮೇಲಕ್ಕೆ ಹೋಗುವುದಿಲ್ಲ. ಅದೇ ಕಟ್ಟಳೆಯನ್ನು ಮನೆಗೂ ತಂದೆವು. ಮೊದಲು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ಗೋಲಿ ಯಾವ ಕಡೆಗೆ ಹೋಗುವುದೆಂದು ಬರೆಯಬೇಕು. ಆಮೇಲೆ ಗುಂಡಿ ಒತ್ತಬೇಕು. ಆಟ ನಿಧಾನವಾಯಿತೆಂದು ಎರಡು ದಿನ ಗೊಣಗಿದಳು. ಮೂರನೆಯ ದಿನ ಅವಳೇ ಹಾಳೆ ಹಿಡಿದು ಬಂದಳು: "ಎಕ್ಸಿನ ಹಿಂದೆ 100 ಹಾಕಿದೆ, 1000 ಹಾಕಿದೆ. ಗೆರೆ ಇನ್ನೂ ಕೊಂಚ ಓರೆಯಾಗಿಯೇ ಇದೆ. ನೆಟ್ಟಗೆ ನಿಲ್ಲಿಸುವ ಅಂಕಿ ಯಾವುದು?"

ಅಂಥ ಅಂಕಿಯೇ ಇಲ್ಲವಂತೆ! ಅದು ಉಪಾಧ್ಯಾಯಿನಿಯ ಉತ್ತರ. ನೆಟ್ಟಗಿನ ಗೆರೆಯನ್ನು 'ಎಕ್ಸ್ = 3' ಎಂದಷ್ಟೇ ಬರೆಯುವುದು; ವೈ ಅಲ್ಲಿಗೆ ಬರುವುದೇ ಇಲ್ಲ. ಹುಡುಗಿ ಅದನ್ನು ನಮಗೆ ಎರಡು ಸಲ ವಿವರಿಸಿದಳು.