ಹವಳದ ಸರ ಮತ್ತು ಹಳೆಯ ಕಾಗದಗಳು

ಫ್ರಾನ್ಸ್ ದೇಶದ ಜೂಲ್ಸ್ ವರ್ನ್ (1828–1905) ತನ್ನ ವೈಜ್ಞಾನಿಕ ಕಾದಂಬರಿಗಳಲ್ಲಿ ಭೂಗರ್ಭಕ್ಕೆ ಇಳಿದವನು, ಸಾಗರದ ಆಳವನ್ನು ಸುತ್ತಿದವನು, ಚಂದ್ರನ ಸಮೀಪಕ್ಕೂ ಹೋಗಿ ಬಂದವನು. ಆತನ ಕಥೆಗಳನ್ನು ಓದುವಷ್ಟೇ ಆಸಕ್ತಿಯಿಂದ ನಾನು ಆತನ ಜೀವನಚರಿತ್ರೆಯ ವಿಚಾರಗಳನ್ನೂ ಓದುತ್ತ ಬಂದಿದ್ದೇನೆ. ಅಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವವನು ವರ್ನ್ ಅಲ್ಲ. ಹಳೆಯ ಕಾಗದಗಳ ನಡುವೆ ಕುಳಿತು ಅವನನ್ನು ಅರಸುವ ಚರಿತ್ರಕಾರ.

1928ರಲ್ಲಿ ವರ್ನನ ಬಂಧುವರ್ಗಕ್ಕೆ ಸೇರಿದ ಮಾರ್ಗರೀತ್ ಅಲೋತ್ ದ ಲಾ ಫ್ವಿ ಎಂಬ ಮಹಿಳೆ ಆತನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಅದರಲ್ಲೊಂದು ಪ್ರಸಂಗವಿದೆ. ಹನ್ನೊಂದು ವರ್ಷದ ಬಾಲಕ ತನ್ನ ಸೋದರ ಸಂಬಂಧಿ ಕರೋಲಿನಳಿಗೆ ಹವಳದ ಸರವನ್ನು ತಂದುಕೊಡಬೇಕೆಂದು, ಯಾರಿಗೂ ತಿಳಿಸದೆ, ದೂರದ ಇಂಡೀಸ್‌ಗೆ ಹೊರಟ ಹಡಗನ್ನೇರುತ್ತಾನೆ. ತಂದೆ ಬೆನ್ನಟ್ಟಿ ಹಿಡಿದು ಮನೆಗೆ ಕರೆತರುತ್ತಾನೆ. ಇನ್ನು ಮುಂದೆ ಕಲ್ಪನೆಯಲ್ಲಲ್ಲದೆ ಪ್ರಯಾಣ ಮಾಡೆನೆಂದು ಹುಡುಗ ಮಾತು ಕೊಡುತ್ತಾನೆ.

ಎಷ್ಟು ಸೊಗಸಾದ ಕಥೆ! ಕಾದಂಬರಿಕಾರನ ಬಾಲ್ಯ ಹೀಗೆಯೇ ಇರಬೇಕೆಂದು ನಮಗೆ ತೋರುತ್ತದೆ. ಪುಸ್ತಕದಿಂದ ಪುಸ್ತಕಕ್ಕೆ ಈ ಪ್ರಸಂಗ ಹರಿದು ಬಂತು. ಮುಂದಿನ ಸಂಶೋಧಕರು ಮಾತ್ರ ಇದಕ್ಕೆ ಆಧಾರವೇನೆಂದು ಕೇಳಿದರು. ಆ ಕಾಲದ ದಾಖಲೆ ಯಾವುದೂ ಅವರಿಗೆ ದೊರೆಯಲಿಲ್ಲ. ಮೇಲಾಗಿ, ಕಲ್ಪನೆಯಲ್ಲಷ್ಟೇ ಸಂಚರಿಸುವೆನೆಂದವನು 1867ರಲ್ಲಿ ಅಮೆರಿಕಕ್ಕೆ ಹೋಗಿ ಬಂದಿದ್ದ. ಸ್ವಂತ ನೌಕೆಗಳಲ್ಲಿ ಸಮುದ್ರ ಸುತ್ತಿದ್ದ. ಹವಳದ ಸರವನ್ನು ಕೈಬಿಡಲು ನನ್ನ ಮನಸ್ಸು ಇಂದಿಗೂ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಇಷ್ಟವಾದುದನ್ನೆಲ್ಲ ನಿಜವೆಂದು ಬರೆಯುವ ಸ್ವಾತಂತ್ರ್ಯ ಕಾದಂಬರಿಕಾರನಿಗುಂಟು, ಚರಿತ್ರಕಾರನಿಗಿಲ್ಲ.

ಚರಿತ್ರಕಾರನ ದಾರಿಯನ್ನು ವರ್ನನೇ ದುರ್ಗಮಗೊಳಿಸಿದ್ದನು. ಮುಪ್ಪಿನಲ್ಲಿ ಆತ ತನ್ನ ಬಹಳಷ್ಟು ಕಾಗದಪತ್ರಗಳನ್ನು ಸುಟ್ಟುಹಾಕಿದನಂತೆ! ಪುಣ್ಯಕ್ಕೆ, ಪ್ರಕಾಶಕ ಹೆಟ್ಜೆಲ್‌ಗೆ ಆತ ಬರೆದ ಪತ್ರಗಳು ಉಳಿದುಕೊಂಡವು. ಸಾಗರದಾಳದಲ್ಲಿ ಸಂಚರಿಸುವ ಕ್ಯಾಪ್ಟನ್ ನೆಮೊನನ್ನು ನೀವು ಬಲ್ಲಿರಷ್ಟೆ? ರಷ್ಯನ್ನರಿಂದ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನ ವೀರನನ್ನಾಗಿ ಅವನನ್ನು ಚಿತ್ರಿಸಬೇಕೆಂಬುದು ವರ್ನನ ಬಯಕೆಯಾಗಿತ್ತೆಂದು ಆ ಪತ್ರಗಳಿಂದಲೇ ತಿಳಿದುಬಂದಿತು. ರಷ್ಯಾದಲ್ಲಿಯೂ ಓದುಗರಿದ್ದ ಲೇಖಕನಿಗೆ ಇದು ತರವಲ್ಲವೆಂದು ಹೆಟ್ಜೆಲ್ ಒಪ್ಪಲಿಲ್ಲ. ಆದುದರಿಂದ 1870ರ ಕಾದಂಬರಿಯಲ್ಲಿ ನೆಮೊ ಯಾವ ದೇಶದವನೆಂಬುದೇ ಗುಟ್ಟಾಗಿ ಉಳಿಯಿತು. ಐದು ವರ್ಷಗಳ ಬಳಿಕ ಮತ್ತೊಂದು ಕಾದಂಬರಿಯಲ್ಲಿ ಆ ಗುಟ್ಟು ಬಯಲಾಯಿತು: ನೆಮೊ ಬುಂದೇಲಖಂಡದ ರಾಜಕುಮಾರ, 1857ರ ದಂಗೆಯಲ್ಲಿ ಹೋರಾಡಿದವನು; ಅದಕ್ಕಿಂತಲೂ ಮಿಗಿಲಾಗಿ, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಬಂಧು! (ಟಿಪ್ಪು 1799ರಲ್ಲಿಯೇ ಮಡಿದವನು, ವಯಸ್ಸಿನ ಲೆಕ್ಕವನ್ನು ವರ್ನನೊಡನೆ ಹಾಕದಿರುವುದೇ ಮೇಲು.) ಪತ್ರಗಳು ಬೂದಿಯಾಗಿದ್ದರೆ, ಈ ರಾಜಕುಮಾರನ ಹಿಂದೆ ಒಬ್ಬ ಪೋಲಿಷ್ ವೀರ ಅಡಗಿದ್ದನೆಂಬುದನ್ನು ಯಾರು ಊಹಿಸುತ್ತಿದ್ದರು?

ಇಷ್ಟಾದರೂ ಹುಡುಕಾಟ ಮುಗಿಯಲಿಲ್ಲ. 1989ರಲ್ಲಿ ವರ್ನನ ಮರಿಮಗನ ವಶದಲ್ಲಿದ್ದ, ಬರಿದೆಂದೇ ಎಲ್ಲರೂ ನಂಬಿದ್ದ ಹಳೆಯ ತಿಜೋರಿಯೊಂದನ್ನು ತೆರೆಯಲಾಯಿತು. ಇಪ್ಪತ್ತನೆಯ ಶತಮಾನದ ಪ್ಯಾರಿಸ್ ನಗರವನ್ನು ಕುರಿತು ಯುವಕ ವರ್ನ್ ಬರೆದು, ಹೆಟ್ಜೆಲ್ ನಿರಾಕರಿಸಿದ್ದ ಕಾದಂಬರಿಯ ಹಸ್ತಪ್ರತಿ ಅದರೊಳಗಿತ್ತು. 1994ರಲ್ಲಿ ಅದು ಅಚ್ಚಾಯಿತು. ಅದರ ಅಂಚುಗಳಲ್ಲಿ, ಒಪ್ಪಿಗೆಯಾಗದ ಕಡೆಗಳಲ್ಲೆಲ್ಲ ಪ್ರಕಾಶಕ ಗೀಚಿದ್ದ ಟಿಪ್ಪಣಿಗಳು ಹಾಗೆಯೇ ಉಳಿದಿದ್ದವು.